ಯಾವ ಶಕ್ತಿಯನ್ನು ಏರಿಸಬೇಕು?

ಕಿಡ್ನಿ ಕಸಿ ಮಾಡಿಸಿಕೊಂಡವರ ರೋಗನಿರೋಧಕ ಶಕ್ತಿಯನ್ನು ವೈದ್ಯರು ಔಷಧ ಕೊಟ್ಟು ತಗ್ಗಿಸುತ್ತಾರೆ. ಹಾಗೆ ಮಾಡದಿದ್ದರೆ ಬೇರೆಯವರ ಅಂಗವನ್ನು ಮೈ ಒಪ್ಪಿಕೊಳ್ಳುವುದಿಲ್ಲ. ಅಂಥ ಹತ್ತು ಮಂದಿಗೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯರು, ಅವರ ಒಪ್ಪಿಗೆ ಪಡೆದೇ, ಹೆಪಟೈಟಿಸ್ ಸಿ ಸೋಂಕಿದ್ದ ದಾನಿಗಳ ಕಿಡ್ನಿ ಹಾಕಿದರು. ಹತ್ತೂ ಜನಕ್ಕೆ ಸೋಂಕು ತಗುಲಿತು. ಹನ್ನೆರಡು ವಾರ ಮಾತ್ರೆ ನುಂಗಿಸಿದರು. ಹತ್ತೂ ಜನರ ರಕ್ತದಿಂದ ವೈರಸ್ ಕಾಣೆಯಾಯಿತು. 2017ರಲ್ಲಿ ಈ ವರದಿ ಪ್ರಕಟವಾದಾಗ ಅಂಗದಾನದ ಕಾಯುವ ಪಟ್ಟಿ ಸ್ವಲ್ಪ ಚಿಕ್ಕದಾಗಬಹುದೆಂಬ ಕಾರಣಕ್ಕೆ ಎಲ್ಲರೂ ಅದನ್ನು ಓದಿದರು. ನನಗೆ ಅದರಲ್ಲಿ ಕಂಡದ್ದು ಬೇರೆ. ಮೈಯ ರಕ್ಷಣೆಯನ್ನು ಬೇಕೆಂದೇ ಕುಗ್ಗಿಸಿ, ವೈರಸ್ಸನ್ನು ಗೊತ್ತಿದ್ದೇ ಒಳಗೆ ಬಿಟ್ಟುಕೊಂಡ ಮೇಲೂ ಕಾಯಿಲೆ ವಾಸಿಯಾಗುತ್ತದೆ ಎಂದಾದರೆ, ‘ಮೊದಲು ಇಮ್ಯೂನಿಟಿ ಹೆಚ್ಚಿಸಿಕೊಳ್ಳಿ, ಕಾಯಿಲೆ ತಾನಾಗಿ ಓಡುತ್ತದೆ’ ಎಂಬ ನಮ್ಮ ನಿತ್ಯದ ಉಪದೇಶದ ಗತಿ ಏನು?

ಈ ಉಪದೇಶ ಕೋವಿಡ್ ಕಾಲದಲ್ಲಿ ಹುಟ್ಟಿದ್ದಲ್ಲ, ಆಗ ಕೊಬ್ಬಿತು ಅಷ್ಟೇ. ಲಿವರಿನ ವಿಷಯದಲ್ಲಿ ಇದಕ್ಕೆ ಹಳೆಯ ಬೇರಿದೆ. ಕಣ್ಣು ಹಳದಿಯಾದರೆ ಆಸ್ಪತ್ರೆಗಿಂತ ಮೊದಲು ನಾಟಿ ಔಷಧಿ ಕೊಡುವವರ ಮನೆ ನೆನಪಾಗುವ ಊರುಗಳು ನಮ್ಮಲ್ಲಿ ಎಷ್ಟಿಲ್ಲ? ನೆಲನೆಲ್ಲಿಯ ರಸ, ಉಪ್ಪು ಖಾರ ಎಣ್ಣೆ ಬಿಟ್ಟ ಪಥ್ಯ, ಎರಡು ಮೂರು ವಾರಗಳಲ್ಲಿ ಕಾಮಾಲೆ ಇಳಿಯುತ್ತದೆ. ಇಳಿಯುವುದು ನಿಜ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುವ ಕಾಯಿಲೆಗಳು. ರಸ ಕುಡಿದರೂ ಇಳಿಯುತ್ತವೆ, ಕುಡಿಯದಿದ್ದರೂ ಇಳಿಯುತ್ತವೆ. (ಗರ್ಭಿಣಿಯರಿಗೆ ಹೆಪಟೈಟಿಸ್ ಇ ಪ್ರಾಣಾಪಾಯ ತರಬಲ್ಲದು, ಅಲ್ಲಿ ಕಾದು ನೋಡುವ ಮಾತೇ ಇಲ್ಲ.) ಮೈ ತಾನೇ ಗೆದ್ದ ಕುಸ್ತಿಯ ಕೀರ್ತಿ ಸೊಪ್ಪಿಗೆ ಹೋಯಿತು, ಆ ಕೀರ್ತಿಯ ಬಲದ ಮೇಲೆ ಸೊಪ್ಪು ಎಲ್ಲ ಬಗೆಯ ಹೆಪಟೈಟಿಸ್‌ಗೂ ಮದ್ದಾಯಿತು. 1988ರಲ್ಲಿ ಮದ್ರಾಸಿನ ಸಂಶೋಧಕರು, ಹೆಪಟೈಟಿಸ್ ಬಿ ಕಂಡುಹಿಡಿದ ನೊಬೆಲ್ ವಿಜ್ಞಾನಿ ಬ್ಲೂಂಬರ್ಗ್ ಅವರ ಜೊತೆ ಸೇರಿ, ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ವಾಹಕರಿಗೆ ಗುಣ ಕಂಡಿತೆಂದು ‘ಲ್ಯಾನ್ಸೆಟ್’ನಲ್ಲಿ ಬರೆದದ್ದು ಇಂದಿಗೂ ಜಾಹೀರಾತುಗಳ ಆಸ್ತಿ. ಆಮೇಲಿನ ಪ್ರಯೋಗಗಳಲ್ಲಿ ಆ ಫಲಿತಾಂಶ ನಿಲ್ಲಲಿಲ್ಲ ಎಂಬ ಮಾತನ್ನು ಜಾಹೀರಾತು ಹೇಳುವುದಿಲ್ಲ. ಅದು ಬಿ, ಇಲ್ಲಿ ನಾವು ಮಾತಾಡುತ್ತಿರುವುದು ಸಿ, ಎರಡೂ ಬೇರೆ ಬೇರೆ ಕುಟುಂಬದ ವೈರಸ್ಸುಗಳು ಎಂಬುದನ್ನಂತೂ ಯಾರೂ ಹೇಳುವುದಿಲ್ಲ.

ಹೆಪಟೈಟಿಸ್ ಸಿ ಸಾಮಾನ್ಯವಾಗಿ ಕಣ್ಣು ಹಳದಿ ಮಾಡಿಕೊಂಡು ಬರುವ ಕಾಯಿಲೆಯಲ್ಲ. ಪರೀಕ್ಷಿಸದ ರಕ್ತ, ಒಬ್ಬರಿಗೆ ಚುಚ್ಚಿದ್ದನ್ನೇ ಇನ್ನೊಬ್ಬರಿಗೆ ಚುಚ್ಚಿದ ಸೂಜಿ, ಶುಚಿ ತಪ್ಪಿದ ಡಯಾಲಿಸಿಸ್ ಘಟಕ, ಹೀಗೆ ರಕ್ತದ ದಾರಿ ಹಿಡಿದು ಬಂದು, ಸದ್ದಿಲ್ಲದೆ ಇಪ್ಪತ್ತು ವರ್ಷ ಕೂರುತ್ತದೆ. ದಾನ ಮಾಡಿದ ರಕ್ತವನ್ನು ಇದಕ್ಕಾಗಿ ಕಡ್ಡಾಯವಾಗಿ ಪರೀಕ್ಷಿಸುವುದು ನಮ್ಮ ದೇಶದಲ್ಲಿ ಶುರುವಾದದ್ದು 2001ರಲ್ಲಿ. ಅದಕ್ಕೆ ಮೊದಲು ರಕ್ತ ಏರಿಸಿಕೊಂಡ ಎಷ್ಟೋ ಜನ ಆರೋಗ್ಯವಂತರಂತೆಯೇ ಓಡಾಡಿಕೊಂಡಿರಬಹುದು.

ಹಾಗಾದರೆ ಈ ಕಾಯಿಲೆಯಲ್ಲಿ ರೋಗನಿರೋಧಕ ವ್ಯವಸ್ಥೆಗೆ ಕೆಲಸವೇ ಇಲ್ಲವೇ? ಇದೆ. ಮೊದಲ ಆರು ತಿಂಗಳಲ್ಲಿ ಬಹಳ ಇದೆ. ಸೋಂಕು ತಗುಲಿದವರಲ್ಲಿ ಶೇಕಡಾ 15ರಿಂದ 45ರಷ್ಟು ಜನ ಯಾವ ಔಷಧವೂ ಇಲ್ಲದೆ ಆ ಅವಧಿಯಲ್ಲಿ ವೈರಸ್ಸನ್ನು ಹೊರಹಾಕುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಕೆಲಸ ಮಾಡುವುದು ಮುಖ್ಯವಾಗಿ ಟಿ ಕೋಶಗಳು. ಚಿಂಪಾಂಜಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಹಿಂದೊಮ್ಮೆ ವೈರಸ್ಸನ್ನು ಗೆದ್ದಿದ್ದ ಪ್ರಾಣಿಯಿಂದ ಸಹಾಯಕ ಟಿ ಕೋಶಗಳನ್ನು ತೆಗೆದುಹಾಕಿ ಮತ್ತೆ ಸೋಂಕು ತಗುಲಿಸಿದಾಗ, ವೈರಸ್ ಬಂದದ್ದು ಹೋಗಲೇ ಇಲ್ಲ. ಆದರೆ ಯಾರಲ್ಲಿ ಗೆಲುವು, ಯಾರಲ್ಲಿ ಸೋಲು ಎಂಬುದನ್ನು ಊಟ, ವ್ಯಾಯಾಮ, ಕಷಾಯ ನಿರ್ಧರಿಸಿದ್ದು ಎಲ್ಲೂ ಕಂಡುಬಂದಿಲ್ಲ. ಕಂಡುಬಂದದ್ದು ಹುಟ್ಟಿನಿಂದ ಬಂದ ವ್ಯತ್ಯಾಸ. 2009ರಲ್ಲಿ ಹತ್ತೊಂಬತ್ತನೆಯ ವರ್ಣತಂತುವಿನ ಮೇಲೆ ಅಂಥದೊಂದು ಜಾಗ ಸಿಕ್ಕಿತು. ಅಲ್ಲಿ ಡಿಎನ್‌ಎಯ ಒಂದು ಬಗೆಯ ಅಕ್ಷರ ಇದ್ದವರು ವೈರಸ್ಸನ್ನು ಸುಲಭವಾಗಿ ಕಳೆದುಕೊಳ್ಳುತ್ತಿದ್ದರು, ಇನ್ನೊಂದು ಬಗೆ ಇದ್ದವರು ಉಳಿಸಿಕೊಳ್ಳುತ್ತಿದ್ದರು. ನಾಲ್ಕು ವರ್ಷಗಳ ನಂತರ ಕಾರಣ ಹುಡುಕುತ್ತ ಹೋದವರಿಗೆ ಎದುರಾದದ್ದು ಒಂದು ಹೊಸ ಇಂಟರ್‌ಫೆರಾನ್ ಜೀನ್. ಇಂಟರ್‌ಫೆರಾನ್ ಎಂದರೆ ವೈರಸ್ ಬಂದಾಗ ಜೀವಕೋಶ ಹೊರಡಿಸುವ ಎಚ್ಚರಿಕೆಯ ಪ್ರೋಟೀನು. ಈ ಜೀನ್ ಸರಿಯಾಗಿ ಕೆಲಸ ಮಾಡುವವರಲ್ಲಿ ವೈರಸ್ ಉಳಿಯುತ್ತಿತ್ತು, ಅದು ಕೆಟ್ಟು ಕೂತವರಲ್ಲಿ ಹೋಗುತ್ತಿತ್ತು! ಒಂದು ರಕ್ಷಣಾ ಪ್ರೋಟೀನನ್ನು ತಯಾರಿಸಲಾಗದವರೇ ಹೆಚ್ಚು ಸುರಕ್ಷಿತರು. ‘ಶಕ್ತಿ ಜಾಸ್ತಿ ಇದ್ದಷ್ಟೂ ಒಳ್ಳೆಯದು’ ಎನ್ನುವವರು ಇದಕ್ಕೆ ಏನು ಹೇಳುತ್ತಾರೋ ಕೇಳಬೇಕು.

ವೈರಸ್ಸಿನ ಕಡೆಯಿಂದ ನೋಡಿದರೂ ಇದೇ ಕಥೆ. ಸೋಂಕಿದ ಮೈಯಲ್ಲಿ ದಿನಕ್ಕೆ ಸುಮಾರು ಒಂದು ಲಕ್ಷ ಕೋಟಿ ಹೊಸ ವೈರಸ್ ಕಣಗಳು ಹುಟ್ಟುತ್ತವೆ ಎಂದು 1998ರಲ್ಲೇ ಲೆಕ್ಕ ಹಾಕಲಾಗಿದೆ. ಸುಮಾರು 9,600 ಅಕ್ಷರಗಳ ಅದರ ಆರ್‌ಎನ್‌ಎಯನ್ನು ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಅಭ್ಯಾಸವಿಲ್ಲ. ನಕಲಿಗೆ ನಕಲು ತಪ್ಪುಗಳು ಸೇರುತ್ತವೆ. ನಿನ್ನೆಯ ಚಹರೆಗೆ ತಯಾರಾದ ಪ್ರತಿಕಾಯ ಇಂದಿನ ಚಹರೆಯನ್ನು ಗುರುತಿಸುವುದಿಲ್ಲ. ಇದಕ್ಕಿಂತ ಜಾಣತನದ್ದು ಇನ್ನೊಂದಿದೆ. ವೈರಸ್ ತನ್ನ ಉದ್ದನೆಯ ಪ್ರೋಟೀನನ್ನು ತುಂಡು ಮಾಡಿಕೊಳ್ಳಲು ಬಳಸುವ ಕತ್ತರಿ-ಕಿಣ್ವವೊಂದು, ಅದೇ ಕತ್ತರಿಯಿಂದ ನಮ್ಮ ಜೀವಕೋಶದ ಎಚ್ಚರಿಕೆಯ ಪ್ರೋಟೀನನ್ನೂ ಕತ್ತರಿಸಿಹಾಕುತ್ತದೆ. ಒಳಗೆ ಕಳ್ಳನಿದ್ದರೂ ಆ ಕೋಶ ಕೂಗುವುದಿಲ್ಲ.

ಪ್ರತಿಕಾಯಗಳು ನಿರುಪಯೋಗಿ ಎಂದಲ್ಲ. 1989ರಲ್ಲಿ ಕ್ಯಾಲಿಫೋರ್ನಿಯಾದ ಕೈರಾನ್ ಕಂಪನಿಯಲ್ಲಿ ಮೈಕೆಲ್ ಹೌಟನ್, ಕ್ಯೂ-ಲಿಮ್ ಚೂ, ಜಾರ್ಜ್ ಕೂವೊ ಮತ್ತು ಸಂಗಡಿಗರು ಈ ವೈರಸ್ಸನ್ನು ಹಿಡಿದದ್ದೇ ರೋಗಿಯೊಬ್ಬರ ರಕ್ತಸಾರದಲ್ಲಿದ್ದ ಪ್ರತಿಕಾಯದ ನೆರವಿನಿಂದ. ಸೋಂಕಿದ ಚಿಂಪಾಂಜಿಯ ರಕ್ತದಿಂದ ತೆಗೆದ ಲಕ್ಷಾಂತರ ಜೀನ್ ತುಣುಕುಗಳಲ್ಲಿ ಯಾವುದಕ್ಕೆ ಆ ಪ್ರತಿಕಾಯ ಅಂಟುತ್ತದೆ ಎಂದು ಹುಡುಕುತ್ತ ಹೋದರು, ಒಂದಕ್ಕೆ ಅಂಟಿತು. ವಿಜ್ಞಾನಿಗಳಿಗೆ ವರ್ಷಗಟ್ಟಲೆ ಸಿಗದ ವೈರಸ್ಸನ್ನು ಆ ರೋಗಿಯ ಮೈ ಆಗಲೇ ಗುರುತು ಹಿಡಿದಿತ್ತು. ಗುರುತು ಹಿಡಿದೂ ಹೊರಗಟ್ಟಲಾಗಿರಲಿಲ್ಲ. ಹೌಟನ್, ಹಾರ್ವೆ ಆಲ್ಟರ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಬಂದಾಗ ಪತ್ರಿಕೆಗಳು ವೈರಸ್ ಸಿಕ್ಕ ಸಾಹಸವನ್ನು ಬಣ್ಣಿಸಿದವು. ಈ ವಿಚಿತ್ರದ ಕಡೆ ಯಾರೂ ಬೆರಳು ತೋರಿಸಲಿಲ್ಲ.

ಆರು ತಿಂಗಳು ದಾಟಿ ಸೋಂಕು ಬೇರೂರಿದ ಮೇಲೆ ಆಟವೇ ಬದಲಾಗುತ್ತದೆ. ಹಗಲು ರಾತ್ರಿ ಅದೇ ಶತ್ರುವನ್ನು ನೋಡುತ್ತ ಟಿ ಕೋಶಗಳು ಬಸವಳಿಯುತ್ತವೆ. ಇರುತ್ತವೆ, ಗುರುತಿಸುತ್ತವೆ, ಕೊಲ್ಲುವ ಉಮೇದು ಮಾತ್ರ ಮೊದಲಿನಷ್ಟು ಇರುವುದಿಲ್ಲ. ವೈರಸ್ಸನ್ನು ಮುಗಿಸಲಾಗದಷ್ಟು ಸೋತು, ಸುಮ್ಮನೂ ಕೂರದೆ, ಸೋಂಕಿದ ಲಿವರ್ ಕೋಶಗಳ ಮೇಲೆ ಏರಿ ಹೋಗುತ್ತಲೇ ಇರುತ್ತವೆ. ಹೆಪಟೈಟಿಸ್ ಸಿ ವೈರಸ್ ತಾನು ಹೊಕ್ಕ ಕೋಶವನ್ನು ನೇರವಾಗಿ ಕೊಲ್ಲುವುದು ಕಡಿಮೆ. ಲಿವರ್ ಹಾಳಾಗುವುದು ಬಹುಪಾಲು ಈ ಮುಗಿಯದ ಉರಿಯೂತದಿಂದ. ಉರಿದ ಜಾಗದಲ್ಲಿ ನಾರು ಬೆಳೆಯುತ್ತದೆ, ನಾರು ಗಂಟಾಗುತ್ತದೆ. ಇಪ್ಪತ್ತು ವರ್ಷಗಳಲ್ಲಿ ಶೇಕಡಾ 15ರಿಂದ 30ರಷ್ಟು ಜನರಲ್ಲಿ ಅದು ಸಿರೋಸಿಸ್ ಆಗುತ್ತದೆ, ಕೆಲವರಲ್ಲಿ ಅಲ್ಲಿಂದ ಕ್ಯಾನ್ಸರ್. ಇಲಿ ಬಂತೆಂದು ಮನೆಗೇ ಬೆಂಕಿ ಇಟ್ಟಂತೆ, ಅದೂ ಇಲಿ ಸಾಯದ ಬೆಂಕಿ.

ಇಲ್ಲಿ ನನ್ನ ವಾದಕ್ಕೇ ಎದುರಾಗುವ ಸಂಗತಿಯೊಂದನ್ನು ಮುಚ್ಚಿಡಬಾರದು. ಹಾನಿ ಮಾಡುವುದು ರೋಗನಿರೋಧಕ ವ್ಯವಸ್ಥೆಯೇ ಆದರೆ, ಅದು ಕುಗ್ಗಿದವರಲ್ಲಿ ಲಿವರ್ ಚೆನ್ನಾಗಿರಬೇಕಿತ್ತಲ್ಲ? ಇರುವುದಿಲ್ಲ. ಎಚ್‌ಐವಿ ಕೂಡ ಇರುವವರಲ್ಲಿ ಲಿವರಿನ ನಾರು ಬೇಗ ಬೆಳೆಯುತ್ತದೆ. ಹೊಸ ಮಾತ್ರೆಗಳಿಗೆ ಮೊದಲಿನ ಕಾಲದಲ್ಲಿ, ಲಿವರ್ ಕಸಿಯಾದವರಿಗೆ ಸೋಂಕು ಮರಳಿದರೆ ಇಪ್ಪತ್ತು ವರ್ಷದ ಹಾದಿ ಕೆಲವರಲ್ಲಿ ಐದೇ ವರ್ಷಕ್ಕೆ ಮುಗಿದುಬಿಡುತ್ತಿತ್ತು. ಆದ್ದರಿಂದ ‘ಶಕ್ತಿ ಕಡಿಮೆಯಾದರೆ ಒಳ್ಳೆಯದು’ ಎಂದು ಉಲ್ಟಾ ಉಪದೇಶ ಹೊರಡಿಸುವುದೂ ಸುಳ್ಳೇ. ತಪ್ಪಿರುವುದು ಅಳತೆಗೋಲಿನಲ್ಲಿ. ಸಹಾಯಕ ಟಿ ಕೋಶ, ಕೊಲ್ಲುವ ಟಿ ಕೋಶ, ಪ್ರತಿಕಾಯ, ಹತ್ತಾರು ಇಂಟರ್‌ಫೆರಾನ್, ಒಂದನ್ನೊಂದು ಅದುಮುವ ಕೋಶಗಳು, ಇವನ್ನೆಲ್ಲ ಕೂಡಿಸಿ ಥರ್ಮಾಮೀಟರಿನ ಪಾದರಸದಂತೆ ಏರುವ ಇಳಿಯುವ ಒಂದೇ ‘ಶಕ್ತಿ’ ಎಂದು ಭಾವಿಸಿದ್ದೇ ಮೂಲ ದೋಷ. ಮೈಯೊಳಗೆ ಅಂಥ ಪಾದರಸವಿಲ್ಲ. ಇಲ್ಲದ್ದನ್ನು ಏರಿಸುತ್ತೇವೆ ಎಂದು ಡಬ್ಬಿಯ ಮೇಲೆ ಬರೆದು ಮಾರುವುದಕ್ಕೆ ಅಡ್ಡಿಯೂ ಇಲ್ಲ.

ಒಂದು ಅರ್ಥದಲ್ಲಿ ಈ ನಂಬಿಕೆಯನ್ನು ವೈದ್ಯಕೀಯವೂ ಕಾಲು ಶತಮಾನ ನಂಬಿತ್ತು, ಪರೀಕ್ಷಿಸಿಯೂ ನೋಡಿತು. ವೈರಸ್ಸಿಗೆ ಇನ್ನೂ ಹೆಸರೇ ಇಲ್ಲದ 1986ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜೇ ಹೂಫ್ನಾಗಲ್ ಮತ್ತು ಸಂಗಡಿಗರು ಹತ್ತು ರೋಗಿಗಳಿಗೆ ಇಂಟರ್‌ಫೆರಾನ್ ಚುಚ್ಚಿ, ಲಿವರ್ ಕಿಣ್ವಗಳು ಇಳಿದದ್ದನ್ನು ವರದಿ ಮಾಡಿದರು. ವೈರಸ್ಸನ್ನು ಮುಟ್ಟದೆ ಮೈಯನ್ನು ಎಚ್ಚರಿಸುವ ಔಷಧ ಅದು. ಅಂದರೆ ನಿಜವಾದ, ಶುದ್ಧ ಮಾಡಿದ, ಅಳೆದು ಕೊಟ್ಟ ಇಮ್ಯೂನಿಟಿ ಬೂಸ್ಟರ್. ಕಷಾಯದ ಡಬ್ಬಿ ಭರವಸೆ ಕೊಡುವುದನ್ನು ಇದು ಪ್ರಯೋಗಾಲಯದಲ್ಲಿ ಮಾಡಿ ತೋರಿಸುತ್ತಿತ್ತು. ಫಲ? ಅದೊಂದನ್ನೇ ಕೊಟ್ಟ ಕಾಲದಲ್ಲಿ ಗುಣವಾದವರು ಐವರಲ್ಲಿ ಒಬ್ಬರಿಗಿಂತ ಕಡಿಮೆ. 1998ರಲ್ಲಿ ರಿಬಾವಿರಿನ್ ಎಂಬ ಔಷಧವನ್ನು ಸೇರಿಸಿದ ಮೇಲೆ ನೂರಕ್ಕೆ ಸುಮಾರು ನಲವತ್ತು. ವಾರಕ್ಕೊಂದೇ ಚುಚ್ಚುಮದ್ದಿನ ಪೆಗ್‌ಇಂಟರ್‌ಫೆರಾನ್ ಬಂದ ಮೇಲೆ ಅರ್ಧಕ್ಕಿಂತ ತುಸು ಹೆಚ್ಚು. ವೈರಸ್ಸಿನ ತಳಿಗಳಲ್ಲಿ ನಮ್ಮ ದೇಶದಲ್ಲಿ ಹೆಚ್ಚಾಗಿರುವ ಮೂರನೆಯ ತಳಿಗೆ ಇದಕ್ಕಿಂತ ಮೇಲು, ಒಂದನೆಯ ತಳಿಗೆ ಅರ್ಧಕ್ಕಿಂತ ಕಡಿಮೆ. ಅದಕ್ಕೆ ತೆತ್ತ ಬೆಲೆ ಒಂದನೆಯ ತಳಿಯವರಿಗೆ 48 ವಾರಗಳ ಜ್ವರ, ಮೈಕೈ ನೋವು, ರಕ್ತಹೀನತೆ, ಕೂದಲು ಉದುರುವಿಕೆ, ಕೆಲವರಿಗೆ ಬದುಕೇ ಬೇಡವೆನ್ನಿಸುವ ಖಿನ್ನತೆ. ಸಾವಿರಾರು ಜನರನ್ನು ಅದು ಉಳಿಸಿತು ಎಂಬುದನ್ನು ಅಲ್ಲಗಳೆಯಲಾರೆ. ಆದರೆ ನಮ್ಮ ಚರ್ಚೆಗೆ ಬೇಕಾದ ಸಾಕ್ಷಿ ಸೋತವರ ಲಿವರಿನಲ್ಲಿದೆ. ಚಿಕಿತ್ಸೆಗೆ ಮೊದಲೇ ತೆಗೆದ ಲಿವರ್ ತುಣುಕುಗಳನ್ನು ಪರೀಕ್ಷಿಸಿದಾಗ, ಯಾರ ಲಿವರಿನಲ್ಲಿ ಇಂಟರ್‌ಫೆರಾನ್ ಎಬ್ಬಿಸುವ ಜೀನುಗಳು ಆಗಲೇ ಜೋರಾಗಿ ಕೆಲಸ ಮಾಡುತ್ತಿದ್ದವೋ ಅವರಿಗೇ ಔಷಧ ನಾಟುತ್ತಿರಲಿಲ್ಲ. ಅವರ ರಕ್ಷಣೆ ನಿದ್ದೆ ಹೋಗಿರಲಿಲ್ಲ, ಎದ್ದೇ ಕೂತಿತ್ತು. ಎದ್ದು ಕೂತು ಪ್ರಯೋಜನವಾಗಿರಲಿಲ್ಲ. ಅವರಿಗೆ ಇನ್ನಷ್ಟು ‘ಎಚ್ಚರ’ ಚುಚ್ಚಿ ಏನು ಸಿಕ್ಕೀತು?

ಗುಣ ಬಂದದ್ದು ಬೇರೆ ದಾರಿಯಿಂದ. 1999ರಲ್ಲಿ ಜರ್ಮನಿಯ ರಾಲ್ಫ್ ಬಾರ್ಟೆನ್‌ಶ್ಲಾಗರ್ ತಂಡ ವೈರಸ್ಸಿನ ಆರ್‌ಎನ್‌ಎ ಜೀವಕೋಶದಲ್ಲಿ ತಾನೇ ನಕಲಾಗುತ್ತ ಹೋಗುವ ವ್ಯವಸ್ಥೆಯನ್ನು ಪ್ರಯೋಗಾಲಯದಲ್ಲಿ ಕಟ್ಟಿತು. ಆಮೇಲೆ ಪ್ರಶ್ನೆ ಸರಳವಾಯಿತು: ವೈರಸ್ಸಿನ ಯಾವ ಕಿಣ್ವವನ್ನು ಯಾವ ಅಣು ಕಟ್ಟಿಹಾಕುತ್ತದೆ? 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೊಫೊಸ್ಬುವಿರ್, ಆರ್‌ಎನ್‌ಎ ನಕಲು ಮಾಡುವ ಕಿಣ್ವಕ್ಕೆ ಸುಳ್ಳು ಅಕ್ಷರವೊಂದನ್ನು ಕೊಟ್ಟು ನಕಲನ್ನು ನಡುವೆಯೇ ನಿಲ್ಲಿಸುತ್ತದೆ. ಡಕ್ಲಾಟಸ್ವಿರ್ ಅಥವಾ ವೆಲ್‌ಪಟಸ್ವಿರ್ ವೈರಸ್ಸಿನ ಇನ್ನೊಂದು ಪ್ರೋಟೀನನ್ನು ಅಡಗಿಸುತ್ತದೆ. ದಿನಕ್ಕೆ ಒಂದೋ ಎರಡೋ ಮಾತ್ರೆ, ಹೆಚ್ಚಿನವರಿಗೆ ಹನ್ನೆರಡು ವಾರ, ನೂರರಲ್ಲಿ ತೊಂಬತ್ತೈದರ ಆಸುಪಾಸು ಗುಣ. ಎಚ್‌ಐವಿ ಇರುವವರಲ್ಲೂ ಹೆಚ್ಚುಕಡಿಮೆ ಅಷ್ಟೇ.

ಬೆಲೆಯ ಅನ್ಯಾಯ ಇಲ್ಲಿ ಹೇಳದೆ ಬಿಟ್ಟರೆ ಔಷಧ ಕಂಪನಿಯ ಸ್ತೋತ್ರವಾದೀತು. ಅಮೆರಿಕದಲ್ಲಿ ಸೊಫೊಸ್ಬುವಿರ್‌ನ ಒಂದು ಮಾತ್ರೆಗೆ ಇಟ್ಟ ಬೆಲೆ 1,000 ಡಾಲರ್, ಹನ್ನೆರಡು ವಾರಕ್ಕೆ 84,000 ಡಾಲರ್. ಈಜಿಪ್ಟ್ ಅದನ್ನು ಚೌಕಾಸಿ ಮಾಡಿ 900 ಡಾಲರಿಗೆ ಇಳಿಸಿಕೊಂಡಿತು. 2014ರಲ್ಲಿ ಆ ಮಾತ್ರೆಯ ಹಕ್ಕುದಾರ ಗಿಲಿಯಡ್ ಕಂಪನಿ ಏಳು ಭಾರತೀಯ ಕಂಪನಿಗಳಿಗೆ ತಯಾರಿಕೆಯ ಪರವಾನಗಿ ಕೊಟ್ಟಿತು, ಬೆಂಗಳೂರಿನ ಸ್ಟ್ರೈಡ್ಸ್ ಆರ್ಕೊಲ್ಯಾಬ್ ಅವುಗಳಲ್ಲಿ ಒಂದು. ಪಂಜಾಬ್ 2016ರಲ್ಲಿ ಸರ್ಕಾರದ ಖರ್ಚಿನಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲೇ ಮಾತ್ರೆ ಕೊಡಲು ಶುರುಮಾಡಿ, ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರನ್ನು ಗುಣಪಡಿಸಿತು. ವಿಶೇಷ ತಜ್ಞರೇ ಬೇಕೆಂಬ ಹಠವೂ ಅಲ್ಲಿಗೆ ಮುರಿಯಿತು. 2018ರ ಜುಲೈ 28ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಇಡೀ ದೇಶಕ್ಕೆ ಪರೀಕ್ಷೆ ಮತ್ತು ಮಾತ್ರೆ ಉಚಿತ. ಕರ್ನಾಟಕಕ್ಕೂ.

ಎದುರು ಪಕ್ಷದವರಿಗೆ ಇನ್ನೂ ಒಂದೆರಡು ಅಸ್ತ್ರಗಳಿವೆ. ಮಾತ್ರೆ ಮುಗಿದ ದಿನವೂ ರಕ್ತದಲ್ಲಿ ಅಲ್ಪಸ್ವಲ್ಪ ಆರ್‌ಎನ್‌ಎ ಕಂಡು, ಆಮೇಲೆ ಪೂರ್ತಿ ಗುಣವಾದವರಿದ್ದಾರೆ. ಉಳಿದದ್ದನ್ನು ಗುಡಿಸಿದ್ದು ಮೈಯೇ ಇರಬೇಕು ಎಂದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಆ ಗುಡಿಸುವಿಕೆಗೂ ಮೊದಲು ಮಾತ್ರೆ ಬೇಕಾಯಿತು. 2016ರಲ್ಲಿ ಸ್ಪೇನಿನ ವೈದ್ಯರು, ಲಿವರ್ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಿಗೆ ಈ ಮಾತ್ರೆ ಕೊಟ್ಟಾಗ ಕ್ಯಾನ್ಸರ್ ಬೇಗ ಮರಳುತ್ತಿದೆ ಎಂದು ಎಚ್ಚರಿಸಿದರು. ಉರಿಯೂತ ಹಠಾತ್ತಾಗಿ ನಿಂತದ್ದರಿಂದ ಮೈಯ ಕಾವಲೂ ತಪ್ಪಿತೇ ಎಂಬ ಭಯ ಹರಡಿತು. ಆಮೇಲಿನ ದೊಡ್ಡ ಅಧ್ಯಯನಗಳು ಆ ಭಯವನ್ನು ಸಮರ್ಥಿಸಲಿಲ್ಲ. 2019ರಲ್ಲಿ ಬಂದ ಫ್ರಾನ್ಸಿನ ಅಧ್ಯಯನದಲ್ಲಿ ಮಾತ್ರೆ ತೆಗೆದುಕೊಂಡವರಲ್ಲಿ ಸಾವೂ ಲಿವರ್ ಕ್ಯಾನ್ಸರೂ ಕಡಿಮೆಯೇ ಇದ್ದವು.

ನಿಜವಾಗಿ ಎಚ್ಚರ ಬೇಕಾದ ಜಾಗ ಇನ್ನೊಂದು. ಹೆಪಟೈಟಿಸ್ ಬಿ ಕೂಡ ಇರುವವರಲ್ಲಿ ಸಿ ಹೋದಾಗ ಬಿ ಕೆರಳಬಹುದು. ಅಮೆರಿಕದ ಔಷಧ ನಿಯಂತ್ರಕರು 2016ರ ಅಕ್ಟೋಬರಿನಲ್ಲಿ ಈ ಬಗ್ಗೆ ಕಟ್ಟುನಿಟ್ಟಿನ ಸೂಚನೆ ಹೊರಡಿಸಿದರು. ಮಾತ್ರೆಗೆ ಮೊದಲು ಬಿ ಪರೀಕ್ಷೆ ಮಾಡಿಸುವುದು ಆದ್ದರಿಂದಲೇ. ಹಾಗೆಯೇ ‘ವೈರಸ್ ಹೋಯಿತು, ಎಲ್ಲ ಮುಗಿಯಿತು’ ಎಂಬ ಆಸ್ಪತ್ರೆ ಕಡೆಯ ಅವಸರವನ್ನೂ ನಾನು ಒಪ್ಪುವುದಿಲ್ಲ. ಬಸವಳಿದ ಟಿ ಕೋಶಗಳು ವೈರಸ್ ಹೋದ ಮೇಲೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ, ದಣಿವಿನ ಗುರುತು ಅವುಗಳ ಜೀನುಗಳ ನಿಯಂತ್ರಣದಲ್ಲೇ ಉಳಿಯುತ್ತದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿವೆ. ಗುಣವಾದವರಿಗೆ ಮತ್ತೆ ಸೋಂಕು ತಗುಲಬಹುದು. ಸಿರೋಸಿಸ್ ಆಗಿದ್ದವರು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುವುದನ್ನು ಬಿಡುವಂತಿಲ್ಲ. ಟಿ ಕೋಶಗಳನ್ನು ಮೊದಲೇ ಎಬ್ಬಿಸಿಡುವ ಲಸಿಕೆಯೊಂದರ ಫಲಿತಾಂಶವೂ ಅದೇ ವರ್ಷ ಬಂತು. ಕೋಶಗಳು ಎದ್ದವು, ಸರಿ. ಆದರೆ ದೀರ್ಘಕಾಲದ ಸೋಂಕು ಲಸಿಕೆ ಪಡೆದವರಲ್ಲಿ 14 ಜನರಿಗೆ, ಪಡೆಯದವರಲ್ಲೂ 14 ಜನರಿಗೆ.

ಇಷ್ಟೆಲ್ಲ ತಕರಾರು ಯಾಕೆಂದರೆ, ‘ಸ್ವಲ್ಪ ಮೈ ಹಿಡಿಯಲಿ, ಆಮೇಲೆ ಇಂಗ್ಲಿಷ್ ಮಾತ್ರೆ’ ಎಂದು ಮುಂದೂಡುವ ಒಂದೊಂದು ವರ್ಷವೂ ಲಿವರಿನಲ್ಲಿ ನಾರಾಗಿ ಸೇರುತ್ತದೆ. ಮುಂದೂಡುವಾಗ ಕುಡಿಯುವ ಕಷಾಯವೂ ನಿರಪಾಯವಲ್ಲ. ಕೋವಿಡ್ ಕಾಲದಲ್ಲಿ ‘ಶಕ್ತಿ’ಗೆಂದು ಅಮೃತಬಳ್ಳಿ ಸೇವಿಸಿ ಲಿವರ್ ಕೆಡಿಸಿಕೊಂಡ ಆರು ಜನರ ಬಗ್ಗೆ ಮುಂಬಯಿ ವೈದ್ಯರು 2021ರಲ್ಲಿ ಬರೆದರು. ಮರುವರ್ಷ ದೇಶದ 13 ಕೇಂದ್ರಗಳಿಂದ ಅಂಥ 43 ಜನರ ವರದಿ ಬಂತು. ಅದು ನಿಜವಾದ ಅಮೃತಬಳ್ಳಿಯಾಗಿರಲಾರದು, ಅದರಂತೆ ಕಾಣುವ ಬೇರೆ ಬಳ್ಳಿ ಇರಬೇಕು ಎಂದು ಆಯುಷ್ ಸಚಿವಾಲಯ ವಾದಿಸಿತು. ವಾದ ಇರಲಿ. ಹಲವು ರೋಗಿಗಳ ಲಿವರಿನಲ್ಲಿ ಕಂಡದ್ದು ಮೈಯ ರಕ್ಷಣೆಯೇ ತನ್ನ ಅಂಗದ ಮೇಲೆ ತಿರುಗಿಬಿದ್ದಂಥ ಹಾನಿ. ಬೂಸ್ಟರ್ ತನ್ನ ಮಾತನ್ನು ಉಳಿಸಿಕೊಂಡಿತ್ತು ಎನ್ನಬೇಕೇನೋ.

ಇದೇ ತಪ್ಪಿನ ಸರ್ಕಾರಿ ರೂಪವೂ ಒಂದಿದೆ. ಮೈ ಮಾಡಿಕೊಂಡ ಪ್ರತಿಕಾಯವನ್ನು ಜನ ಕವಚವೆಂದು ನಂಬಿದರೆ, ಕಚೇರಿಗಳು ಅದನ್ನೇ ಕಾಯಿಲೆಯೆಂದು ಓದುತ್ತವೆ. ಮಂಗಳೂರು, ಭಟ್ಕಳದ ಕಡೆಯಿಂದ ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೊರಡುವವರ ವೈದ್ಯಕೀಯ ತಪಾಸಣೆಯಲ್ಲಿ ಹೆಪಟೈಟಿಸ್ ಸಿ ಪರೀಕ್ಷೆಯೂ ಸೇರಿದೆ. ಹಿಂದೆಂದೋ ಸೋಂಕಾಗಿ ತಾನಾಗಿ ವಾಸಿಯಾದವರಲ್ಲೂ, ಮಾತ್ರೆಯಿಂದ ಗುಣವಾದವರಲ್ಲೂ ಪ್ರತಿಕಾಯ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ವೈರಸ್ ಈಗ ಇದೆಯೋ ಇಲ್ಲವೋ ಹೇಳುವುದು ಆರ್‌ಎನ್‌ಎ ಪರೀಕ್ಷೆ ಮಾತ್ರ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ನಿಯಮದಲ್ಲಿ ಪ್ರತಿಕಾಯ ಪಾಸಿಟಿವ್ ಬಂದವರಿಗೆ ಆ ಎರಡನೆಯ ಪರೀಕ್ಷೆ ಆದ ಮೇಲಷ್ಟೇ ಮಾತ್ರೆ. ಮೊದಲ ಪರೀಕ್ಷೆಯ ಒಂದು ಗೆರೆಯನ್ನೇ ನೋಡಿ ಸರ್ಟಿಫಿಕೇಟಿನಲ್ಲಿ ‘ಅನರ್ಹ’ ಎಂದು ಬರೆಯುವವರೂ, ಶಸ್ತ್ರಚಿಕಿತ್ಸೆಗೆ ಬಂದವರನ್ನು ‘ಪಾಸಿಟಿವ್ ಕೇಸು’ ಎಂದು ಮುಂದಿನ ಆಸ್ಪತ್ರೆಗೆ ಸಾಗಹಾಕುವವರೂ ಆ ನಿಯಮದ ಪುಟವನ್ನು ಒಮ್ಮೆ ತಿರುವಿ ನೋಡಲಿ.